ನಿನ್ನ ಹದಿನೇಳು, ನನ್ನ ಒಂಬತ್ತು

ಅಲ್ಲಾಳಸಂದ್ರ
20 ಜನವರಿ 2025

ಶರತ್,

ಈ ಕಾಗದದ ಹಿಂಬದಿ ನೋಡಿ ಗಾಬರಿಯಾಗಬೇಡ. ನಮ್ಮ ಮನೆಯಲ್ಲಿ ಯಾರ ಮದುವೆಯೂ ಇಲ್ಲ. ನನ್ನ ಅಂಗಡಿಯಲ್ಲಿ ಒಂದು ಕಟ್ಟು ಲಗ್ನಪತ್ರಿಕೆಗೆ ವರನ ಜಾಗದಲ್ಲಿ ವರನ ಅಪ್ಪನ ಹೆಸರು ಅಚ್ಚಾಗಿತ್ತು. ಅವರು ತೆಗೆದುಕೊಳ್ಳಲಿಲ್ಲ, ನಾನು ಎಸೆಯಲಿಲ್ಲ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಹಿರಿಯೂರಿನ ಆ ಗಾಳಿಯಂತ್ರದ ಗುಡ್ಡದ ಮೇಲೆ ನೀನು ಡ್ಯೂಟಿಯಲ್ಲಿದ್ದರೆ ಸಿಗ್ನಲ್ ಇಲ್ಲ. ಕೆಳಗಿಳಿದರೆ ಪಕ್ಕದಲ್ಲಿ ಧನಲಕ್ಷ್ಮಿ. ಇಲ್ಲಿ ಜ್ಯೋತಿಲಕ್ಷ್ಮಿ ನನ್ನ ಫೋನನ್ನು ಸ್ಪೀಕರಿಗೆ ಹಾಕಿಯೇ ಕೈಗೆ ಕೊಡುತ್ತಾಳೆ. ನಾವು ಅಕ್ಕತಂಗಿಯರನ್ನು ಕಟ್ಟಿಕೊಂಡ ಷಡ್ಡಕರು. ಒಬ್ಬಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಇನ್ನೊಬ್ಬಳ ಬಾಯಲ್ಲಿರುತ್ತದೆ. ಆದ್ದರಿಂದ ನಿನ್ನ ಸೈಟ್ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ವಿಷಯ ಗಾಡಿಯದು.

ಎರಡು ವರ್ಷದ ಹಿಂದೆ ಮಾವ ಕೊಡಿಗೇಹಳ್ಳಿಯ ದ್ರಾಕ್ಷಿ ತೋಟದ ಕೊನೆಯ ತುಂಡನ್ನೂ ಅಪಾರ್ಟ್‌ಮೆಂಟಿನವರಿಗೆ ಕೊಟ್ಟಾಗ ಏನಂದರು, ನೆನಪಿದೆಯಾ? "ಇಬ್ರು ಅಳೀಮಯ್ಯಂದ್ರೂ ಒಂದೇ ತರದ್ದು ಓಡುಸ್ಲಿ. ಒಬ್ಬರ್ನ ಕಂಡು ಒಬ್ರು ಹೊಟ್ಟೆ ಉರ್ಕಬಾರ್ದು." ಒಂದೇ ದಿನ, ಒಂದೇ ಷೋರೂಮಿನಲ್ಲಿ, ಒಂದೇ ಬಿಳಿ ಬಣ್ಣದ ಎರಡು ಏಳು ಸೀಟಿನ ಡೀಸೆಲ್ ಗಾಡಿ. ನಂಬರ್ ಪ್ಲೇಟಿನಲ್ಲೂ ಕೊನೆಯ ಅಂಕಿಯೊಂದೇ ಬೇರೆ. ದೊಡ್ಡ ಮನುಷ್ಯ ಎಲ್ಲವನ್ನೂ ಯೋಚಿಸಿದ್ದರು, ಮೈಲೇಜೊಂದನ್ನು ಬಿಟ್ಟು.

ಸಂಕ್ರಾಂತಿ ಊಟದ ದಿನ ಅದೇ ಆಯಿತಲ್ಲ. ಹಸು ಕೊಂಡರೂ ಗಾಡಿ ಕೊಂಡರೂ ಮಾವ ಕೇಳುವ ಪ್ರಶ್ನೆ ಒಂದೇ.

"ಏನಪ್ಪ ಶರತ, ನಿಂದು ಎಷ್ಟ್ ಕೊಡ್ತದೆ?"

"ಹದಿನೇಳೂವರೆ, ಮಾವ." ನೀನು ಅವರೆಕಾಳು ಸಾರಿನಿಂದ ತಲೆ ಕೂಡ ಎತ್ತಲಿಲ್ಲ.

"ನಿಂದು, ಮುನಿರಾಜಪ್ಪ?"

"ಹತ್ರ ಹತ್ರ ಬರುತ್ತೆ, ಮಾವ."

"ಯಾವುದ್ರ ಹತ್ರ?"

"ಒಂಬತ್ತರ ಹತ್ರ."

ಅತ್ತೆ ಬಡಿಸುತ್ತಿದ್ದ ಸೌಟು ಹಾಗೇ ನಿಲ್ಲಿಸಿ, "ಅಯ್ಯೋ, ಉಷಾರಿಲ್ವೇನೋ ಅದಕ್ಕೆ" ಅಂದರು. ತೋಟಕ್ಕೆ ನೀರೆತ್ತಲು ಡೀಸೆಲ್ ಇಂಜಿನ್ ಇಟ್ಟುಕೊಂಡಿದ್ದ ಮಾವ ನನ್ನನ್ನು ಒಂದು ಸೋರುವ ಪೈಪಿನ ಹಾಗೆ ನೋಡಿದರು. ಆಮೇಲೆ ಬಂತು ಆ ಮಾತು: "ವೈಶಾಖದಾಗೆ ಮನೆದೇವ್ರಿಗೆ ಓಗೋವಾಗ ಪೆಟ್ಟಿಗೆ ಈ ಸಲ ಕಮ್ಮಿ ಕುಡಿಯೋ ಗಾಡೀಲಿ ಬರ್ಲಿ."

ನಿನಗದು ಒಂದು ಮಾತು, ಶರತ್. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ದೇವರ ಪೆಟ್ಟಿಗೆ ಹಿರಿಯಳಿಯನ ಗಾಡಿಯಲ್ಲಿ, ಮಾವನ ತೊಡೆಯ ಮೇಲೆ ಕೂತು ಕೊರಟಗೆರೆ ದಾಟಿ ಬೆಟ್ಟಕ್ಕೆ ಹೋಗುತ್ತದೆ. ಮದುವೆಯಾದ ವರ್ಷದಿಂದ ಬಾಡಿಗೆ ವ್ಯಾನಾಗಲಿ, ನನ್ನ ಹಳೇ ಡಬ್ಬಿ ಕಾರಾಗಲಿ, ಪೆಟ್ಟಿಗೆ ಕೂತ ಗಾಡಿಯ ಸ್ಟೀರಿಂಗ್ ನನ್ನದು. ಉಳಿದ ದಿನವೆಲ್ಲ ಕೊಡಿಗೇಹಳ್ಳಿಯವರಿಗೆ ನಾನು ಲಗ್ನಪತ್ರಿಕೆಯವನು. ಆ ಒಂದು ದಿನ ಮಾತ್ರ ಸೊಣ್ಣಪ್ಪನವರ ಅಳಿಯ.

ನಿನ್ನದು ಹದಿನೇಳು, ನನ್ನದು ಬರೀ ಗೋಳು. ಹೇಗೆ ಬರುತ್ತದೆ, ನಿಜ ಹೇಳು.

ಮುನಿರಾಜು

ಮರೆತಿದ್ದೆ: ಧನಲಕ್ಷ್ಮಿ, ಮಂಜುಶ್ರೀ ಇಬ್ಬರೂ ನಿನಗಿಂತ ಮೊದಲೇ ಬಸ್ಸಿನಲ್ಲಿ ಬಂದರಲ್ಲ, ಮಗುವಿಗೆ ಸ್ಕೂಲು ಬೇಗ ಬಿಟ್ಟಿತ್ತಾ? ಯಶವಂತಪುರದಿಂದ ನಾನೇ ಕರೆತಂದೆ. ಗೊರಗುಂಟೆಪಾಳ್ಯ, ಬಿಇಎಲ್ ಸರ್ಕಲ್, ಹೆಬ್ಬಾಳ, ದಾರಿಯುದ್ದಕ್ಕೂ ಜಾಮ್. ಆ ಒಂಬತ್ತರಲ್ಲಿ ನಿನ್ನ ಸಂಸಾರದ ಪಾಲೂ ಇದೆ.

*

ಹಿರಿಯೂರು
6 ಫೆಬ್ರವರಿ 2025

ಮುನಿರಾಜಣ್ಣನಿಗೆ ನಮಸ್ಕಾರಗಳು.

ಕಾಗದ ತಲುಪಿತು. ಆಫೀಸಿನವರು ಹಿಂಬದಿ ಓದಿ ನನಗೆ ಶುಭ ಕೋರಿದರು.

ಇದರಲ್ಲಿ ಗುಟ್ಟೇನೂ ಇಲ್ಲ ಅಣ್ಣ. ಮೀಟರ್ ಬೋರ್ಡಿನಲ್ಲಿ ತೋರಿಸುವ ಅಂಕಿಯನ್ನು ನಂಬಬೇಡಿ, ಅದು ಯಾವಾಗಲೂ ಒಂದು ಹೆಚ್ಚಿಗೆ ಹೇಳುತ್ತದೆ. ಕಂಪನಿಯವರು ಹೇಳುವುದನ್ನಂತೂ ಕೇಳಲೇಬೇಡಿ. ಅವರು ಓಡಿಸುವ ರಸ್ತೆಯಲ್ಲಿ ಹೆಬ್ಬಾಳ ಬರುವುದಿಲ್ಲ. ಒಂದೇ ಬಂಕಿನಲ್ಲಿ, ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಓಡಿಸಿ, ಮತ್ತೆ ಅಲ್ಲೇ ಹಾಗೇ ತುಂಬಿಸಿ ಭಾಗಿಸಿ. ಅದು ನಿಜವಾದ ಮೈಲೇಜು. ಟೈರಿನ ಗಾಳಿ ಸರಿಯಿರಲಿ. ಎಂಬತ್ತು ದಾಟಬೇಡಿ. ಪೆಡಲ್ಲಿನ ಕೆಳಗೆ ಕೋಳಿಮೊಟ್ಟೆ ಇದೆ ಅಂದುಕೊಂಡು ಕಾಲಿಡಿ. ಗಾಡಿ ಹಗುರವಾಗಿರಬೇಕು, ಅಷ್ಟೇ.

ಪೆಟ್ಟಿಗೆಯ ವಿಚಾರ ಮಾವನವರ ಇಷ್ಟ. ನಾನು ಕೇಳಿದವನಲ್ಲ. ಕೊಟ್ಟರೆ ಬೇಡ ಅನ್ನುವವನೂ ಅಲ್ಲ.

ನಿಮ್ಮ
ಶರತ್

*

ಅಲ್ಲಾಳಸಂದ್ರ
28 ಫೆಬ್ರವರಿ 2025

ಶರತ್,

ಟೈರಿಗೆ ಗಾಳಿ ಹೊಡೆಸಿದೆ. ಮೇಲಿನ ಕ್ಯಾರಿಯರ್ ಬಿಚ್ಚಿಸಿದೆ. ಡಿಕ್ಕಿಯಲ್ಲಿದ್ದ ಪತ್ರಿಕೆಯ ಕಟ್ಟುಗಳು, ಜ್ಯೋತಿಯ ರಾಗಿ ಮೂಟೆ, ಮಗನ ಕ್ರಿಕೆಟ್ ಕಿಟ್ ಎಲ್ಲ ಇಳಿಸಿದೆ. ಕೋಳಿಮೊಟ್ಟೆ ನೆನೆದು ನೆನೆದು ಕಾಲಿಟ್ಟೆ. ಹಿಂದಿದ್ದ ಬಸ್ಸಿನವನು ನನ್ನ ವಂಶವನ್ನೆಲ್ಲ ನೆನೆದ. ಇಷ್ಟಕ್ಕೂ ಬಂದದ್ದು ಒಂಬತ್ತು ಚಿಲ್ಲರೆ. ಕೊಡಿಗೇಹಳ್ಳಿ ಗೇಟಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಗಾಡಿ ಚಿನ್ನ ಗುರು, ಓಡ್ಸೋ ರೋಡ್ ನೋಡ್ಕೊಳ್ಳಿ" ಅಂದ. ಹತ್ತರೊಳಗೇ ಮೈಲೇಜು, ಕೈ ಚೆಲ್ಲಿತು ಗ್ಯಾರೇಜು.

ಹಗುರ ಅನ್ನುತ್ತೀಯ. ನನ್ನ ಗಾಡಿ ಎಲ್ಲಿ ಹಗುರವಾಗುತ್ತದೆ? ಅತ್ತೆಯ ಮಂಡಿನೋವಿಗೆ ಕರೆಂಟು ಕೊಡಿಸಲು ವಾರಕ್ಕೆರಡು ಸಲ ಆರ್.ಟಿ. ನಗರದ ಆಸ್ಪತ್ರೆ. ಅಲ್ಲಿ ಚೀಟಿ ಕೂಗುವವರೆಗೆ ಅವರಿಗೆ ಎಸಿಯಲ್ಲೇ ಒಂದು ನಿದ್ದೆ. ಸಂಜೆಯಾದರೆ ಮಾವನ ಫೋನು: "ತೋಟದ ಕಡೆ ಓಗ್ಬರಾಣ ಬಾರಪ್ಪ." ತೋಟ ಎಲ್ಲಿದೆ? ಬಾವಿ ಇದ್ದಲ್ಲಿ ಈಜುಕೊಳ, ಪಂಪ್‌ಹೌಸ್ ಇದ್ದಲ್ಲಿ ಸೆಕ್ಯುರಿಟಿಯವನ ಗೂಡು. ಆದರೂ ಮೂರು ಗೇಟಿನ ಮುಂದೂ ನಿಲ್ಲಿಸಬೇಕು. ಇಂಜಿನ್ ಆಫ್ ಮಾಡಿದರೆ ತೋಳು ಹಿಡಿಯುತ್ತಾರೆ: "ಆಫ್ ಮಾಡ್ಬ್ಯಾಡ. ಮಾರ್ಬುಟ್ಟು ಈಗ ನಿಂತ್ಕಂಡ್ ನೋಡ್ತಾವ್ನೆ ಅಂತಾರೆ. ಇಂಜಿನ್ ಓಡ್ತಿದ್ರೆ, ಇಂಗೇ ಓಯ್ತಿದ್ದೋರು ಅಂದ್ಕಂತಾರೆ." ಹಾಗೆ ಇಂಜಿನ್ ಓಡುತ್ತಿರುತ್ತದೆ, ಗಾಡಿ ನಿಂತಿರುತ್ತದೆ, ಡೀಸೆಲ್ ಹೋಗುತ್ತಿರುತ್ತದೆ. ಮನೆಗೆ ಬಂದ ಮೇಲೆ ಅದೇ ಬಾಯಲ್ಲಿ, "ಎಷ್ಟ್ ಕೊಡ್ತದಪ್ಪ?"

ಆದರೂ ಎಂಟು ಕಿಲೋಮೀಟರಿನ ವ್ಯತ್ಯಾಸ ಇದರಿಂದಲೇ ಬರುತ್ತದೆ ಅಂದರೆ ನಾನು ನಂಬುವುದಿಲ್ಲ. ಗಾಡಿ ಬಂದ ದಿನ ಎರಡೂ ಕೀಲಿಗಳನ್ನು ವೀಳ್ಯದೆಲೆಯ ತಟ್ಟೆಯಲ್ಲಿಟ್ಟಾಗ ಅತ್ತೆ, "ಚಿಕ್ಕೋಳು ಮೊದ್ಲು ತಗಳ್ಲಿ" ಅಂದರು. ಧನಲಕ್ಷ್ಮಿ ಬಲಗಡೆಯದನ್ನು ತೆಗೆದುಕೊಂಡಳು. ಅವತ್ತೇ ನನ್ನ ಎಡಗಣ್ಣು ಅದುರಿತ್ತು.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಯುಗಾದಿಗೆ ಬರುತ್ತೀಯಲ್ಲ, ವರ್ಷತೊಡಕಿನ ಮಾರನೇ ದಿನ ನೀನು ನನ್ನ ಗಾಡಿ ಒಯ್ಯಿ, ನಿನ್ನದು ನನಗಿರಲಿ. ಹೆಂಡತಿಯರಿಗೆ ಸರ್ವಿಸ್ ವಿಷಯ ಅನ್ನೋಣ. ಮಾವನಿಗೆ ಏನೂ ಅನ್ನುವುದು ಬೇಡ. ಅವರಿಗೆ ಎರಡೂ ಬಿಳಿಯೇ. ದೋಷ ಗಾಡಿಯದೋ ಗ್ರಹಚಾರದ್ದೋ, ಗೊತ್ತಾಗಲಿ.

ಮುನಿರಾಜು

*

ಹಿರಿಯೂರು
9 ಏಪ್ರಿಲ್ 2025

ಮುನಿರಾಜಣ್ಣನಿಗೆ,

ನಿಮ್ಮ ಗಾಡಿಯ ಮೊದಲ ಟ್ಯಾಂಕು ಮುಗಿಯಿತು. ಹದಿನೇಳು.

ಮೆಕ್ಯಾನಿಕ್ ಹೇಳಿದ್ದು ಸರಿ. ಕಾಯಿಲೆ ಗಾಡಿಗಿಲ್ಲ. ಇದಕ್ಕಿಂತ ಹೆಚ್ಚು ಬರೆದರೆ ನಿಮಗೆ ಬೇಜಾರಾಗುತ್ತದೆ.

ಸೀಟಿನ ಸಂದಿಯಲ್ಲಿ ಅತ್ತೆಯ ಅಡಿಕೆಚೀಲ ಸಿಕ್ಕಿತು. ಕೊರಿಯರ್ ಮಾಡಲೇ? ಕಡಲೆಕಾಯಿ ಸಿಪ್ಪೆ, ಒಣಗಿದ ಮಲ್ಲಿಗೆ ಇನ್ನೂ ತೆಗೆದಿಲ್ಲ. ನೋವಿನೆಣ್ಣೆಯ ವಾಸನೆ ಹೋಗುತ್ತಲೇ ಇಲ್ಲ. ಒಮ್ಮೆ ತೊಳೆಸಬೇಕು.

ಶರತ್

*

ಅಲ್ಲಾಳಸಂದ್ರ
16 ಏಪ್ರಿಲ್ 2025

ಶರತ್,

ಎರಡು ಸಾಲಿನಲ್ಲಿ ಮನುಷ್ಯನ ಮಾನ ತೆಗೆಯುವುದನ್ನು ನಿನ್ನಿಂದ ಕಲಿಯಬೇಕು. ಲಗ್ನಪತ್ರಿಕೆ ಬರೆಯುವವನಿಗೂ ಇಷ್ಟು ಬಿಗಿ ಬರುವುದಿಲ್ಲ.

ನನ್ನ ಲೆಕ್ಕವನ್ನೂ ಕೇಳು. ನಿನ್ನ ಹದಿನೇಳೂವರೆಯ ಗಾಡಿ ನಮ್ಮ ಮನೆಗೆ ಬಂದು ಒಂಬತ್ತಾಯಿತು. ಚೆನ್ನಾಗಿ ಓದುತ್ತಿದ್ದ ಹುಡುಗ ನಮ್ಮ ಬೀದಿಗೆ ಬಂದು ಕೆಟ್ಟ ಹಾಗೆ.

ಆದರೆ ಗಾಡಿ ಇಟ್ಟುಕೊಂಡಿದ್ದೀಯ ನೋಡು, ಅದಕ್ಕೆ ಹೊಟ್ಟೆಕಿಚ್ಚು ಪಡಲೇಬೇಕು. ಎರಡು ವರ್ಷವಾದರೂ ಹಿಂದಿನ ಸೀಟುಗಳಿಗೆ ಷೋರೂಮಿನ ಪ್ಲಾಸ್ಟಿಕ್ ಹಾಗೇ ಇದೆ. ಕೊನೆಯ ಸಾಲಿನ ಬೆಲ್ಟು ಎಳೆದರೆ ಹೊಸ ಸೀರೆಯ ಮಡಿಕೆಯಂತೆ ಬರುತ್ತದೆ. ಒಂದು ಕಾಳು ರಾಗಿ ಇಲ್ಲ, ಒಂದು ಕೂದಲಿಲ್ಲ. ಎಸಿ ಹಾಕಿದರೆ ಮಾತ್ರ ಮುಖಕ್ಕೆ ಧೂಳು ಹೊಡೆಯಿತು. ಹಿರಿಯೂರಿನ ಬಿಸಿಲಿನಲ್ಲಿ ಎಸಿ ಇಲ್ಲದೆ ಓಡಿಸುತ್ತೀಯಾ? ನಿನ್ನ ಶಿಸ್ತು ದೊಡ್ಡದು ಮಾರಾಯ.

ಜ್ಯೋತಿ ಮೊದಲ ದಿನ ಹತ್ತಿ ಕೂತವಳು ಆ ಕಡೆ ಈ ಕಡೆ ಮೂಸಿ, "ಇದ್ರಲ್ಲಿ ನಮ್ ಧನ ಕೂತೇ ಇಲ್ಲ ಕಣ್ರೀ" ಅಂದಳು. ನಾನಂದೆ, "ಕೂತರೂ ಕೂತ ಹಾಗೆ ಕಾಣಬಾರದು, ಹಾಗೆ ಇಟ್ಟಿದ್ದಾನೆ ನಿನ್ನ ತಂಗಿ ಗಂಡ. ನೋಡಿ ಕಲಿ."

ಗುಟ್ಟು ಒಂಚೂರು ಅಲ್ಲಾಡಿತು. ಮುಂದಿನ ಸೀಟಿನಲ್ಲಿ ಮಾವ ಕೂತವರು ಒಂದು ಸಲ ಏರಿದರು, ಒಂದು ಸಲ ಇಳಿದರು, ಕೊನೆಗೆ ಬೆನ್ನ ಹಿಂದೆ ಕೈ ಹಾಕಿ ತಡವಿದರು. "ಏನಪ್ಪ, ಸೀಟು ಬದ್ಲಾಯ್ಸಿದ್ಯಾ?" "ಸರ್ವಿಸಿಗೆ ಬಿಟ್ಟಿದ್ದೆ ಮಾವ, ತೊಳೆದು ಕೊಟ್ರು." "ತೊಳುದ್ರೆ ಉಬ್ಬುತ್ತಾ?" ಅಂದರು.

ಅಡಿಕೆಚೀಲ ಕೊರಿಯರ್ ಬೇಡ. ನನ್ನ ಗಾಡಿಯಲ್ಲೇ ಇರಲಿ.

ಮುನಿರಾಜು

*

ಹಿರಿಯೂರು
28 ಏಪ್ರಿಲ್ 2025

ಅಣ್ಣ,

ಈ ಟ್ಯಾಂಕು ಹನ್ನೊಂದು. ನೀವು ನಗುತ್ತೀರಿ, ನಗಿ. ನಾನು ಮೂರು ಸಲ ಭಾಗಿಸಿದೆ.

ಭಾನುವಾರ ತೊಳೆಸಲು ಹೊರಟಿದ್ದೆ. ಅಮ್ಮನ ಅಡಿಕೆಚೀಲ ಎತ್ತಿಟ್ಟುಕೊಳ್ಳುತ್ತೇನೆ ಅಂತ ಧನಲಕ್ಷ್ಮಿ ಬಾಗಿಲು ತೆಗೆದಳು. ತೆಗೆದವಳು ಒಳಗೆ ಕೂತಳು. ಕೂತವಳು ಬಾಗಿಲು ಹಾಕಿಕೊಂಡಳು. ಕಿಟಕಿ ತಟ್ಟಿ ಏನಾಯ್ತು ಅಂದರೆ, "ಅಮ್ಮನ ಪಕ್ಕ ಕೂತಂಗೈತೆ. ತೊಳಸ್ಬೇಡಿ" ಅಂದಳು. ಮಂಜುಶ್ರೀ ಹಿಂದೆ ಹತ್ತಿ ಕಾಲು ಮೇಲಿಟ್ಟುಕೊಂಡಳು. ಜಾರುವುದಕ್ಕೆ ಅಲ್ಲಿ ಪ್ಲಾಸ್ಟಿಕ್ ಇಲ್ಲವಲ್ಲ. "ಅಪ್ಪ, ಎಲ್ಲಿಗಾದ್ರೂ ಹೋಗಣ."

ವಾಣಿವಿಲಾಸ ಸಾಗರಕ್ಕೆ ಹೋದೆವು. ಎಸಿ ಹಾಕು ಅಂದರು, ಹಾಕಿದೆ. ಎಳನೀರಿಗೆ ನಿಲ್ಲಿಸು, ಜೋಳಕ್ಕೆ ನಿಲ್ಲಿಸು, ನಿಲ್ಲಿಸಿದೆ. ಬೋರ್ಡಿನಲ್ಲಿ ಅಂಕಿ ಇಳಿಯುತ್ತಿತ್ತು. ಹದಿನಾರಾಯಿತು, ಹದಿನಾಲ್ಕಾಯಿತು. ನನ್ನ ಕಣ್ಣು ಅಲ್ಲೇ ಇದ್ದದ್ದನ್ನು ಕಂಡು ಧನ ತನ್ನ ಕರ್ಚೀಫ್ ತೆಗೆದು ಅದರ ಮೇಲೆ ಹೊದಿಸಿದಳು.

ನಿಮಗೆ ಹೇಳದೇ ಇದ್ದದ್ದು ಇದು. ಸಂಕ್ರಾಂತಿಗೆ ಸ್ಕೂಲು ಬೇಗ ಬಿಟ್ಟಿರಲಿಲ್ಲ. ಗಾಡಿ ಬಂದ ಆರು ತಿಂಗಳಿಗೇ ಅವರಿಬ್ಬರೂ ಬಸ್ಸು ಹಿಡಿದರು. ಎಸಿ ಬೇಡ, ಕಿಟಕಿ ಇಳಿಸಬೇಡ, ಚೀಲ ಯಾಕೆ ಇಷ್ಟು, ಈಗಷ್ಟೇ ನಿಲ್ಲಿಸಿದ್ದೆನಲ್ಲ, ಇದೇ ಆಗಿತ್ತು ನನ್ನ ಬಾಯಲ್ಲಿ. "ನಿಮ್ ಹದಿನೇಳನ್ನ ನೀವೇ ಕೂರಿಸ್ಕಂಡ್ ಹೋಗಿ" ಅಂದಳು. ಹಾಗೇ ಹೋಗುತ್ತಿದ್ದೆ.

ಯಾಕೆ ಅಂತ ಕೇಳಿದರೆ ನಿಮಗೆ ನಗು ಬರುತ್ತದೆ. ನಿಮ್ಮನ್ನು ಮಾವ ತೋಟಕ್ಕೆ ಕರೆಯುತ್ತಾರೆ, ಅತ್ತೆ ಆಸ್ಪತ್ರೆಗೆ ಕರೆಯುತ್ತಾರೆ. ನನ್ನನ್ನು ಹನ್ನೆರಡು ವರ್ಷದಲ್ಲಿ ಎಲ್ಲಿಗೂ ಕರೆದಿಲ್ಲ. ಹಬ್ಬಕ್ಕೆ ಬಂದಾಗ ಒಂದೇ ಒಂದು ಮಾತು ಕೇಳುತ್ತಾರೆ, ಎಷ್ಟು ಕೊಡ್ತದೆ ಅಂತ. ಆ ಒಂದು ಉತ್ತರವಾದರೂ ದೊಡ್ಡದಿರಲಿ ಅಂದುಕೊಂಡೆ. ನೀವು ಊಟಕ್ಕೆ ಕೂತು ಒಂಬತ್ತು ಅಂದಾಗ ಎಲ್ಲರೂ ನಕ್ಕರು. ನನಗೆ ಹೊಟ್ಟೆ ಉರಿಯಿತು. ನನ್ನದು ಯಾವತ್ತೂ ಒಂಬತ್ತಕ್ಕೆ ಇಳಿದಿಲ್ಲ.

ಗಾಡಿ ಬೆಟ್ಟದ ದಿನದವರೆಗೆ ನನ್ನ ಹತ್ತಿರವೇ ಇರಲಿ ಅಣ್ಣ. ಧನ ಕೇಳುತ್ತಿದ್ದಾಳೆ.

ಶರತ್

*

ಅಲ್ಲಾಳಸಂದ್ರ
3 ಮೇ 2025

ಶರತ್,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ಕನಿಕರ ಬಂತು. ಎರಡನೇ ಸಲ ಅನುಮಾನ ಬಂತು. ಹನ್ನೊಂದು ಅಂದರೂ ನನಗಿಂತ ಎರಡು ಮೇಲೇ ಇದ್ದೀಯ.

ಗಾಡಿ ನನಗೆ ಬೇಕು. ಹತ್ತನೇ ತಾರೀಕು ಸಂಜೆಯೇ ಬಂದುಬಿಡು, ಕೀಲಿ ಬದಲಿಸಿಕೊಳ್ಳೋಣ. ಮಾರನೇ ಬೆಳಿಗ್ಗೆ ಬೆಟ್ಟ. ಹಿರಿಯಳಿಯ ತನ್ನ ಗಾಡಿಯಲ್ಲೇ ಇರಬೇಕು.

ಇನ್ನೊಂದು ಸಂಗತಿ. ನಿನ್ನ ವಿದ್ಯೆಯನ್ನು ನಾನೂ ಹಿಡಿದಿದ್ದೇನೆ. ಎಸಿ ಬಂದ್. ಆರ್.ಟಿ. ನಗರದಲ್ಲಿ ಅತ್ತೆಯನ್ನು ಒಳಗಿನ ಬೆಂಚಿನ ಮೇಲೆ ಕೂರಿಸುತ್ತೇನೆ. ತೋಟದ ಗೇಟಿನಲ್ಲಿ ಇಂಜಿನ್ ಆಫ್. ಮಾವ ತೋಳು ಹಿಡಿದರು, ಬಿಡಿಸಿಕೊಂಡೆ. ಹತ್ತರ ಗಡಿ ದಾಟಿ ಹನ್ನೊಂದೂವರೆ ಬಂತು! ಅದೃಷ್ಟವೂ ಕೂಡಿಬಂದಿದೆ: ಆಮೇಲೆ ಮಾವ ತೋಟಕ್ಕೆ ಕರೆದೇ ಇಲ್ಲ. ಗಾಡಿಗೆ ವಿಶ್ರಾಂತಿ. ಹೀಗೇ ಆದರೆ ಬೆಟ್ಟದ ಹೊತ್ತಿಗೆ ಹನ್ನೆರಡು ಮುಟ್ಟುತ್ತೇನೆ, ಪೆಟ್ಟಿಗೆ ಎಲ್ಲಿ ಕೂರಬೇಕೋ ಅಲ್ಲೇ ಕೂರುತ್ತದೆ.

ಹತ್ತನೇ ತಾರೀಕು. ಸಂಜೆ.

ಮುನಿರಾಜು

*

ಅಲ್ಲಾಳಸಂದ್ರ
14 ಮೇ 2025

ಶರತ್,

ಸಂಜೆ ಬಾ ಅಂದರೆ ಬೆಳಿಗ್ಗೆ ಬಂದೆ. ಮಂಜುಶ್ರೀಗೆ ಜ್ವರ ಇತ್ತು ಅಂದೆ; ಆ ಜ್ವರದ ಹುಡುಗಿ ಗಾಡಿಯಿಂದ ಹಾರಿ ಇಳಿದು ಅಜ್ಜಿಯ ಕೊರಳಿಗೆ ಜೋತುಬಿದ್ದಳು. ಇರಲಿ. ಅವತ್ತು ನೀನೂ ಅಲ್ಲೇ ಇದ್ದೆ, ನಿಜ. ಆದರೆ ನೀನು ಮುಂದಿನ ಗಾಡಿಯಲ್ಲಿದ್ದೆ. ಹಿಂದಿನ ಗಾಡಿಯಿಂದ ಏನು ಕಾಣುತ್ತದೆ ಅನ್ನುವುದು ನಿನಗೆ ಗೊತ್ತಿಲ್ಲ.

ಮಾವನ ಬಾಗಿಲ ಮುಂದೆ ಎರಡು ಬಿಳಿ ಗಾಡಿ. ನಾನು ನಿನ್ನದರ ಮುಂಬಾಗಿಲು ತೆರೆದು, ಎಸಿ ಹಾಕಿ, ಹನ್ನೆರಡು ಅನ್ನುವ ಉತ್ತರವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ನಿಂತಿದ್ದೆ. ಮಾವ ಹೊರಬಂದರು. ಹಿಂದೆ ಕೆಂಪು ಬಟ್ಟೆ ಸುತ್ತಿದ ಪೆಟ್ಟಿಗೆ ಹಿಡಿದು ಜ್ಯೋತಿ. ಎಷ್ಟು ಕೊಡ್ತದೆ ಅಂತ ಮಾವ ಕೇಳುತ್ತಾರೆ ಅಂದುಕೊಂಡೆ. ಎರಡು ವರ್ಷದಲ್ಲಿ ಮೊದಲ ಸಲ ಅವರು ಕೇಳಲಿಲ್ಲ. ನನ್ನ ತೆರೆದ ಬಾಗಿಲನ್ನು ದಾಟಿ ಹೋದರು. ನಿನ್ನ ಪಕ್ಕದ ಸೀಟಿನಲ್ಲಿ ಕೂತು, ಒಂದು ಸಲ ಬೆನ್ನು ಒತ್ತಿ ನೋಡಿ, "ಆ" ಅಂದರು. "ಪೆಟ್ಟಿಗೆ ಕೊಡವ್ವ."

ನಾನು ತಡೆಯಲಾರದೆ, "ಮಾವ, ಕಮ್ಮಿ ಕುಡಿಯೋದು ಇದು" ಅಂದೆ.

"ಕುಡೀಲಿ ಬುಡಪ್ಪ. ಇದು ನನ್ ಬೆನ್ನು ಕಂಡಿರೋ ಸೀಟು."

ಅದಲುಬದಲು ಅವರಿಗೆ ಗೊತ್ತಿತ್ತೋ, ಬರೀ ಬೆನ್ನಿಗೆ ಗೊತ್ತಿತ್ತೋ, ಇವತ್ತಿಗೂ ತಿಳಿಯದು. ನೀನು ನನ್ನ ಮುಖ ನೋಡಿ ಇಳಿಯಲು ಬಾಗಿಲಿಗೆ ಕೈ ಹಾಕಿದೆ. ಅದನ್ನು ನೋಡಿದ್ದೇನೆ, ಮರೆಯುವುದಿಲ್ಲ. ಆಗ ಅವರು ಅಂದರಲ್ಲ: "ನೀನೆಲ್ಲಿಗಪ್ಪ? ನಡಿ ನಡಿ. ಓಗ್ತಾ ತೋಟದ ತಾವ ಒಸಿ ನಿಲ್ಸು." ನಿನ್ನ ಕಣ್ಣು ತುಂಬಿತು. ನನ್ನದೂ ತುಂಬಿತು, ಕಾರಣ ಬೇರೆ.

ಅತ್ತೆ ತಮ್ಮ ಅಡಿಕೆಚೀಲ ಇದ್ದ ಗಾಡಿ ಹತ್ತಿದರು. ಅಮ್ಮನ ಪಕ್ಕ ಧನ, ಧನಳ ಪಕ್ಕ ಜ್ಯೋತಿ: "ಒಂದಿನ ಮಾತಾಡ್ಕಂಡ್ ಹೋಗ್ತೀವಿ ಕಣ್ರೀ." ಕೊನೆಯ ಸಾಲಿಗೆ ಮಕ್ಕಳಿಬ್ಬರು. ಏಳು ಸೀಟು ತುಂಬಿತು. ನನ್ನ ಜೊತೆ ಬಂದದ್ದು ಬಾಳೆಎಲೆಯ ಒಂದು ಕಟ್ಟು.

ಮೊದಲ ಗೇಟಿನಲ್ಲಿ ನೀನು ನಿಂತೆ ನೋಡು, ಇಂಜಿನ್ ಆಫ್ ಮಾಡದೆ. ನಿನ್ನ ಗಾಡಿಯ, ಅಲ್ಲ, ನನ್ನ ಗಾಡಿಯ ಎಸಿ ನೀರು ರಸ್ತೆಗೆ ತೊಟ್ಟಿಕ್ಕುತ್ತಿತ್ತು. ಮಾವನ ಕೈ ಕಿಟಕಿಯಿಂದಾಚೆ ಬಂದು ಈಜುಕೊಳದ ಕಡೆ ತೋರಿಸಿತು. ಬಾವಿಯ ಕಥೆ. ನನಗೆ ನೂರು ಸಲ ಹೇಳಿದ್ದಾರೆ. ನೂರು ಸಲವೂ ನಾನು ಮೀಟರ್ ನೋಡುತ್ತಾ ಹೂಂ ಅಂದಿದ್ದೇನೆ. ನೀನು ಆ ಕಡೆ ಪೂರ್ತಿ ತಿರುಗಿ ಕೇಳುತ್ತಿದ್ದೆ. ಆವಾಗ ಉರಿದದ್ದು ಇದೆಯಲ್ಲ ಶರತ್, ಹದಿನೇಳೂವರೆಗೂ ಅಷ್ಟು ಉರಿದಿರಲಿಲ್ಲ.

ಅಲ್ಲಿಂದ ಬೆಟ್ಟದವರೆಗೆ ನಿನ್ನ ಹಿಂದೆ. ಡಾಬಸ್‌ಪೇಟೆ ದಾಟಿದ ಮೇಲೆ ಖಾಲಿ ರಸ್ತೆ. ಯಾರೂ ನಿಲ್ಲಿಸು ಅನ್ನಲಿಲ್ಲ. ಎಸಿ ಆರಿಸಿದ್ದು ಯಾವಾಗ ಅಂತ ನನಗೇ ಗೊತ್ತಾಗಲಿಲ್ಲ. ನಿನ್ನೆ ಟ್ಯಾಂಕು ತುಂಬಿಸಿ ಭಾಗಿಸಿದೆ. ಹದಿನೆಂಟು. ಎರಡು ಗಾಡಿಗಳ ಚರಿತ್ರೆಯಲ್ಲೇ ಹೆಚ್ಚು. ಬಂಕಿನಲ್ಲಿ ನಿಂತು ಯಾರಿಗೆ ಹೇಳಲಿ ಅಂತ ಸುತ್ತ ನೋಡಿದೆ. ಹದಿನೆಂಟು ಬಂತು, ನೆಂಟರು ಬರಲಿಲ್ಲ.

ನಿನ್ನೆ ಸಂಜೆ ನಾನಾಗಿಯೇ ಕೊಡಿಗೇಹಳ್ಳಿಗೆ ಹೋಗಿ, "ತೋಟದ ಕಡೆ ಹೋಗೋಣವಾ ಮಾವ" ಅಂದೆ. "ಶರತ ಯಾವಾಗ ಬತ್ತಾನೆ?" ಅಂದರು. ಆಮೇಲೆ, ನನ್ನ ಮುಖ ನೋಡಿಯೋ ಏನೋ, ಚಪ್ಪಲಿ ಮೆಟ್ಟಿಕೊಂಡರು. ಮೂರು ಗೇಟಿಗೂ ಇಂಜಿನ್ ಓಡುತ್ತಲೇ ಇತ್ತು.

ಬರುವ ಭಾನುವಾರ ಗಾಡಿ ತಾ. ನಿನ್ನದರಲ್ಲಿ ಪ್ಲಾಸ್ಟಿಕ್ ಎಲ್ಲ ನಾನೇ ಕಿತ್ತು ಬಿಸಾಡಿದ್ದೇನೆ. ನಾಳೆಯೂ ಶನಿವಾರವೂ ಅತ್ತೆಯನ್ನು ಅದರಲ್ಲೇ ಆರ್.ಟಿ. ನಗರಕ್ಕೆ ಕರೆದೊಯ್ಯುತ್ತೇನೆ, ಎಣ್ಣೆ ಹಚ್ಚಿಸಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಒಂದು ನಿದ್ದೆ ಮಾಡಲಿ. ಧನಲಕ್ಷ್ಮಿ ಮತ್ತೆ ಬಸ್ಸು ಹತ್ತದ ಹಾಗೆ ಗಾಡಿಯನ್ನು ಎಷ್ಟು ಹಾಳು ಮಾಡಬೇಕೋ ಅಷ್ಟು ಮಾಡಿ ಕೊಡುತ್ತೇನೆ. ಆಮೇಲೆ ಹದಿನೇಳು ಬರಲಿಲ್ಲ ಅಂತ ನನ್ನನ್ನು ಕೇಳಬೇಡ. ಮಾವನ ಬೆನ್ನು ಮಾತ್ರ ನಿನ್ನ ಸೀಟಿನಲ್ಲಿ ಇನ್ನೂ ಮೂಡಿಲ್ಲ. ಅದಕ್ಕೆ ನೀನೇ ಬರುತ್ತಾ ಇರಬೇಕು.

ನನ್ನದನ್ನು ತೊಳೆಸದೆ ತಾ.

ಮುನಿರಾಜು